ಹದಿನೈದೇ ಎಂದ ಮೇಸ್ತ್ರಿ

ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಕಿವಿಸಂದಿಯಲ್ಲಿ ನಮ್ಮ ಮೇಸ್ತ್ರಿಯವರು ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದರು. ಬೆವರಿಗೆ ಅದು ಕರಗಿ ಕೆನ್ನೆಯ ಮೇಲೆ ಬಿಳಿ ಗೆರೆಯಾಗಿ ಇಳಿದಿರುತ್ತಿತ್ತು. ಹೇಳಿದರೆ ಒರೆಸಿಕೊಳ್ಳುವರು, ಗಳಿಗೆ ಕಳೆದರೆ ಮತ್ತೆ ಅದೇ ಮುಖ.

ಹರಪನಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಮೆಕ್ಕೆಜೋಳ ಬಿಡಿಸುವ ಮಷೀನು ಮಾಡುತ್ತೇವೆ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಬೋಲ್ಟು ಯಾವುದು ನಟ್ಟು ಯಾವುದು ಎಂದು ತಿಳಿಯದ ನನ್ನನ್ನು ಮೊದಲ ದಿನವೇ 'ಅಕ್ಕಾರ' ಎಂದು ಕರೆದು, ಅಪ್ಪನ ಕುರ್ಚಿಯಲ್ಲಿ ಕೂಡಿಸಿ ಕೆಲಸ ಕಲಿಸಿದವರು ಅವರು.

ಸುಗ್ಗಿಗೆ ಎಂಟು ವಾರ ಇರುವಾಗ, ಒಂದು ಆರ್ಡರೂ ಹಿಡಿಯುವ ಮೊದಲು, ಗೋಡೆಯ ಮೇಲೆ ದಿನಕ್ಕೊಂದರಂತೆ ಅಷ್ಟೂ ಗೆರೆ ಎಳೆದಿಡುವರು. ನಾನು ತಗಡು, ಬಣ್ಣ, ಬೆಲ್ಟು ಎಲ್ಲದರ ಪಟ್ಟಿ ಮಾಡಲು ಹೊರಟರೆ ನಗು.

"ಎಲ್ಲಾನೂ ಯಾಕ ಎಣಸ್ತೀರಿ? ತಗಡು ಪ್ಯಾಟ್ಯಾಗ ಸಿಗತೈತಿ, ವೆಲ್ಡರ್ ಕೊಟ್ಟೂರಿಂದ ಬರ್ತಾನ. ಯಾವುದು ಇನ್ನೊಂದು ಇಲ್ಲೋ ಅದನ್ನಷ್ಟ ಎಣಸ್ರಿ."

ನಮ್ಮಲ್ಲಿ ಇನ್ನೊಂದು ಇಲ್ಲದ್ದು ಅವರೇ. ಮಷೀನಿನೊಳಗೆ ತಿರುಗುವ ಡ್ರಮ್ಮನ್ನು ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಉರುಳಬಿಟ್ಟು, ಭಾರ ಯಾವ ಕಡೆಗಿದೆ ಎಂದು ಹುಡುಕಿ, ಎದುರು ಬದಿಗೆ ಚೂರು ಚೂರೇ ಕಬ್ಬಿಣ ಬೆಸೆದು ಸಮ ಮಾಡಬೇಕು. ತಪ್ಪಿದರೆ ಮಷೀನು ಕುಣಿಯುತ್ತದೆ, ಕಣದಲ್ಲಿ ನಿಂತವರ ಕೈಗೆ ಅಪಾಯ. ಆ ಹದ ಅವರೊಬ್ಬರಿಗೇ ಗೊತ್ತಿತ್ತು. ಒಂದು ಡ್ರಮ್ಮಿಗೆ ಎರಡು ದಿನ. ಭಾನುವಾರಗಳನ್ನೂ, ಮಷೀನುಗಳಿಗೆ ಪೂಜೆ ಮಾಡಿ ಸುಮ್ಮನೆ ಬಿಡುವ ಎರಡು ಅಮಾವಾಸ್ಯೆಗಳನ್ನೂ ಕಳೆದರೆ ಇಪ್ಪತ್ಮೂರು ಮಷೀನು. ಪ್ರತಿ ವರ್ಷವೂ ಅಷ್ಟೇ.

ಕಳೆದ ವರ್ಷ ಮಂಗಳವಾರ, ಶುಕ್ರವಾರದ ಗೆರೆಗಳನ್ನೂ ಅಳಿಸಿದರು. "ಈ ಸಲ ಹದಿನೈದ ರೀ ಅಕ್ಕಾರ."

ಯಾಕೆಂದು ಕೇಳಿದೆ. ಕೈಯ ಸುಣ್ಣ ಕೊಡವಿ ಡ್ರಮ್ಮಿನ ಕಡೆ ನಡೆದರು. ವಯಸ್ಸಾಯಿತು, ಹಟ ಹೆಚ್ಚಾಯಿತು ಎಂದುಕೊಂಡೆ. ಅಪ್ಪನ ಕಾಲದ ಮೂವರು ಗಿರಾಕಿಗಳಿಗೆ ಇಲ್ಲವೆನ್ನಲು ನಾಚಿಕೆಯಾಗಿ ಹದಿನೆಂಟಕ್ಕೆ ಮಾತು ಕೊಟ್ಟೆ. ಅವರು "ಹೂಂ" ಅಂದರು, ಅಷ್ಟೇ.

ಕೊನೆಯ ಮೂರು ವಾರ ಮಂಗಳವಾರವೂ ಬಂದರು, ಶುಕ್ರವಾರವೂ ಬಂದರು. ಮುಖ ಊದಿತ್ತು. ದಣಿವಿರಬೇಕು ಎಂದುಕೊಂಡೆ. ಗೆದ್ದವಳ ಹಾಗೆ ಬೇರೆ ಹೇಳಿದೆ, "ನೋಡ್ರಿ ಮೇಸ್ತ್ರಿ, ಮನಸ್ಸು ಮಾಡಿದ್ರ ಆಗ್ತೈತಿ."

"ಆಗಬೇಕಲ್ರೀ," ಅಂದರು.

ಹದಿನೆಂಟನೆಯ ಮಷೀನು ಹೋದ ಐದನೆಯ ದಿನ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಹೆಂಡತಿಯಿಂದ ತಿಳಿಯಿತು: ಕಿಡ್ನಿ ಕೆಟ್ಟು, ವಾರಕ್ಕೆ ಆ ಎರಡು ದಿನ ಬಸ್ಸು ಹತ್ತಿ ದಾವಣಗೆರೆಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರಂತೆ.

"ಗೊತ್ತಾದ್ರ ಮನ್ಯಾಗ ಕೂಡಸ್ತಾರ ಅಂತ ಹೇಳಗೊಡಲಿಲ್ರೀ. ದವಾಖಾನಿಗೆ ಹೋಗ್ರಿ ಅಂದ್ರ, ಅಕ್ಕಾರು ಮಾತು ಕೊಟ್ಟಾರ ಅಂತಿದ್ರು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಆರ್ಡರ್ ಹಿಡಿಯುವ ಮೊದಲು ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ಬರಲಾಗದ ದಿನ ಯಾವುದು, ಯಾಕೆ ಎಂದು ಕೇಳುತ್ತೇನೆ. ಸುಮ್ಮನಿದ್ದರೆ ಮತ್ತೊಮ್ಮೆ ಕೇಳುತ್ತೇನೆ. ಮೇಸ್ತ್ರಿಯವರನ್ನೂ ಹೀಗೆ ಮತ್ತೊಮ್ಮೆ ಕೇಳಬಹುದಿತ್ತು.

ಆ ಸುಗ್ಗಿಯ ಹದಿನೆಂಟು ಮಷೀನುಗಳಲ್ಲಿ ಒಂದೂ ತಡವಾಗಲಿಲ್ಲ, ಒಂದೂ ಅಲುಗಲಿಲ್ಲ. ಗಿರಾಕಿಗಳು ಬಂದು ಇಂದಿಗೂ ನನ್ನನ್ನು ಹೊಗಳುತ್ತಾರೆ. ಕೈಮುಗಿದು ಒಳಗೆ ಹೋಗಿಬಿಡುತ್ತೇನೆ.