ನದಿ ಕಾಣುವ ಒಂದೇ ಕೋಣೆ

ಇಸ್ಮೇನಿಯಾ ಕೂಬಿದೆಸ್ ನಾಲ್ಕು ವರ್ಷದಲ್ಲಿ ಹನ್ನೊಂದು ಊರು ನೋಡಿದ್ದಳು. ಹನ್ನೊಂದರಲ್ಲೂ ಬಿಸಿಲಿತ್ತು, ನೀರಿತ್ತು, ಮಾವಿನ ಮರವಿತ್ತು. ಹನ್ನೊಂದನ್ನೂ ಅವಳ ಗಂಡ ಎಲಿಯೆಸೆರ್ ಬೇಡವೆಂದಿದ್ದ. ಒಂದು ಊರಿನಲ್ಲಿ ಸೊಳ್ಳೆ. ಇನ್ನೊಂದರಲ್ಲಿ ಚರ್ಚಿನ ಗಂಟೆ ಬೆಳಗಿನ ಐದಕ್ಕೇ ಬಡಿಯುತ್ತದೆ. ಮತ್ತೊಂದರಲ್ಲಿ ಬ್ರೆಡ್ಡು ಬಾಯಿಗಿಡುವಂತಿಲ್ಲ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಎನ್ನುತ್ತಾರಲ್ಲ, ಇವನಿಗೆ ಹೊಳೆಯ ಪಕ್ಕದಲ್ಲಿ ತೇವ ಸಿಕ್ಕಿತ್ತು. "ನೀರಿನ ಹತ್ರ ಗೋಡೆಗೆಲ್ಲ ತೇವ ಏರುತ್ತೆ ಕಣೇ," ಎಂದಿದ್ದ. ಹೊಳೆ ದಂಡೆಯ ಮನೆ ಹುಡುಕಲು ಹೊರಟವನು ಆಡುವ ಮಾತೇ ಇದು?

ಅವಳಿಗೆ ಐವತ್ತಾರು. ಬೆಟ್ಟದ ಮೇಲಿನ ಚಳಿಯೂರು ಬೊಗೊಟಾದ ಒಂದು ಲಾಂಡ್ರಿಯಲ್ಲಿ ಮೂವತ್ತೆರಡು ವರ್ಷದಿಂದ ಇಸ್ತ್ರಿ ಕೆಲಸ. ಕಾದ ಕೈಯನ್ನು ತಣ್ಣೀರಿಗೆ ಹಾಕಿದರೆ ಬೆರಳು ಸೊಟ್ಟಗಾಗುತ್ತವೆಂದು ಅವ್ವ ಹೇಳಿದ್ದನ್ನು ಅವಳು ಒಂದು ದಿನವೂ ಮೀರಿದವಳಲ್ಲ. ಸಂಜೆ ಎರಡೂ ಕೈಗಳನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿಕೊಂಡು, ಜಿಟಿಜಿಟಿ ಮಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಕೈ ಉರಿಯುತ್ತಿತ್ತು, ಕಾಲು ಮರಗಟ್ಟುತ್ತಿತ್ತು. ಕೆಲಸ ಬಿಟ್ಟ ಮೇಲೆ ಬಿಸಿ ನಾಡಿಗೆ ಇಳಿದು, ಬೆಚ್ಚನೆಯ ಹೊಳೆಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರಬೇಕು. ಅವಳು ಕೇಳಿದ್ದು ಅಷ್ಟೇ.

ಪಿಂಚಣಿಗೆ ಇನ್ನು ಹತ್ತು ತಿಂಗಳು. ಜಾಗ ಅದಕ್ಕೆ ಮೊದಲೇ ಗೊತ್ತಾಗಿರಬೇಕೆಂಬುದು ಅವಳ ಹಟ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೆಂಗಸನ್ನು ಕಂಡರೆ ಬಂಧುಬಳಗಕ್ಕೆ ಕಣ್ಣುರಿ. ಲಾಂಡ್ರಿಯ ಜೊತೆಗಾತಿಯೊಬ್ಬಳು ಶುಕ್ರವಾರ ನಿವೃತ್ತಳಾದಳು, ಸೋಮವಾರ ಬೆಳಗ್ಗೆ ಏಳಕ್ಕೆ ಅವಳ ಬಾಗಿಲಲ್ಲಿ ಐದು ಮೊಮ್ಮಕ್ಕಳು ನಿಂತಿದ್ದವು. ಇಸ್ಮೇನಿಯಾ ಅದನ್ನು ಮರೆತಿರಲಿಲ್ಲ.

ಆದರೆ ಎಲಿಯೆಸೆರ್ ಒಬ್ಬನೇ ಹೆಂಡತಿಯೊಂದಿಗೆ ಎಲ್ಲಿಗೂ ಹೊರಡುವ ಗಂಡಸಲ್ಲ. ಸೋಮವಾರದ ರಜೆ ಸೇರಿ ಮೂರು ದಿನ ಬಿಡುವು ಸಿಕ್ಕಿತೆಂದರೆ ಬೊಗೊಟಾದ ಅರ್ಧ ಊರು ಬೆಟ್ಟ ಇಳಿಯುತ್ತದೆ. ಅವರ ಜೊತೆ ಇವರದೂ ಒಂದು ದಂಡು: ಅವನ ತಮ್ಮ ಕಾಂಪೊ ಎಲಿಯಾಸನ ವ್ಯಾನು, ತಂಗಿ ನೊಹೊರಾ, ಅವರವರ ಸಂಸಾರ, ಅಜ್ಜಿಯ ಕಾಲದ ದೊಡ್ಡ ಹಂಡೆ, ಎರಡು ಕೋಳಿ, ಒಂದು ಗೊನೆ ಬಾಳೆಕಾಯಿ. ಮನೆ ನೋಡುವುದು ಎಲ್ಲರ ಕೆಲಸ, ಹೊಳೆ ದಂಡೆಯಲ್ಲಿ ಸೌದೆ ಊದಿ ಹದಿನೆಂಟು ಜನರಿಗೆ ಸಾಂಕೋಚೊ ಸಾರು ಮಾಡುವುದು ಇಸ್ಮೇನಿಯಾಳ ಕೆಲಸ. ಹೀಗಾಗಿ ಹನ್ನೊಂದು ಊರಿನ ಹೊಳೆಯನ್ನೂ ಅವಳು ಹೊಗೆಯ ಮರೆಯಿಂದಲೇ ಕಂಡಿದ್ದಳು.

ಹನ್ನೆರಡನೆಯ ಮನೆ ಜೂನ್ ತಿಂಗಳಲ್ಲಿ ಸಿಕ್ಕಿತು. ಐದು ಕೋಣೆ, ಸುತ್ತ ಜಗುಲಿ, ಹಿತ್ತಲಲ್ಲಿ ಈಜುಕೊಳ, ಹೊರಗೊಂದು ದೊಡ್ಡ ಸೌದೆ ಒಲೆ. ಹೊಳೆ ಮಾತ್ರ ಅಲ್ಲಿಂದ ವ್ಯಾನಿನಲ್ಲಿ ಇಪ್ಪತ್ತು ನಿಮಿಷ. ಎಲಿಯೆಸೆರ್ ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ, ತಾರಸಿ ನೋಡಿದ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಿಂದ "ಪರವಾಗಿಲ್ಲ" ಎಂಬ ಮಾತು ಬಂತು.

"ಪರವಾಗಿಲ್ಲ ಏನಣ್ಣ, ಅರಮನೆ ಕಣೋ ಇದು," ಎಂದ ಕಾಂಪೊ ಎಲಿಯಾಸ್. "ಈ ಮೂಲೆ ಕೋಣೆ ನಮ್ಗೆ. ಫ್ಯಾನು ಚೆನ್ನಾಗಿದೆ."

"ಮೂಲೇದು ನಂಗೆ. ಇವರಿಗೆ ರಾತ್ರಿಯೆಲ್ಲ ಬೆವರು," ಎಂದಳು ನೊಹೊರಾ. "ನೀನು ಜಗುಲೀಲಿ ಜೋಲಿ ಕಟ್ಕೋ. ಕೊಕ್ಕೆ ಎಣಿಸ್ದೆ, ಎಂಟಿದೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದರು. ಡಿಸೆಂಬರಿಗೆ ಯಾರು, ಈಸ್ಟರಿಗೆ ಯಾರು, ಯಾವ ಸೋಮವಾರ ಯಾರ ಸರದಿ ಎಂಬುದೂ ಅಲ್ಲೇ ನಿಕ್ಕಿಯಾಯಿತು.

"ಹೊಳೆ ದೂರ ಆಯ್ತಲ್ಲ," ಎಂದಳು ಇಸ್ಮೇನಿಯಾ.

"ಈಜುಕೊಳ ಇದೆಯಲ್ಲ ಅತ್ತಿಗೆ, ಅದೂ ನೀರೇ ತಾನೆ?" ನೊಹೊರಾ ಅವಳ ತೋಳು ಹಿಡಿದು ಒಲೆಯ ಬಳಿಗೆ ಕರೆತಂದಳು. "ಇಲ್ಲಿ ನೋಡಿ. ನಿಮಗೇ ಅಂತ ಅಳತೆ ತಗೊಂಡು ಕಟ್ಟಿದ ಹಾಗಿದೆ. ಹಂಡೆ ಸಲೀಸಾಗಿ ಕೂರುತ್ತೆ."

ಇಸ್ಮೇನಿಯಾ ಒಲೆಯನ್ನು ನೋಡಿದಳು. ಅಂದಿನ ಸಾರಿಗೆ ಉಪ್ಪು ಹಾಕಲು ಮರೆತಳು, ಯಾರೋ ಆಡಿಕೊಂಡರು.

ವಾಪಸು ಬೆಟ್ಟ ಹತ್ತುವಾಗ ವ್ಯಾನು ವಾಹನಗಳ ಸಾಲಿನಲ್ಲಿ ಆರು ತಾಸು ನಿಂತಿತು. ಮಡಿಲಲ್ಲಿ ಹಂಡೆ ಇಟ್ಟುಕೊಂಡು ಕೂತವಳಿಗೆ ಆಗ ಲೆಕ್ಕ ಹತ್ತಿತು. ಸೊಳ್ಳೆಯೂ ಅಲ್ಲ, ಗಂಟೆಯೂ ಅಲ್ಲ, ತೇವವೂ ಅಲ್ಲ. ಬಿಟ್ಟ ಹನ್ನೊಂದು ಮನೆಗಳೂ ಚಿಕ್ಕವು. ಅವುಗಳಲ್ಲಿ ಇವಳಿಗೆ ಜಾಗವಿತ್ತು, ದಂಡಿಗೆ ಇರಲಿಲ್ಲ. ಅವನ ಮೇಲೆ ಬಂದಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೂ ಬಂತು. ತಪ್ಪಿಸಿಕೊಳ್ಳುವ ದಾರಿ ಹುಡುಕಲು ಯಾರಿಂದ ತಪ್ಪಿಸಿಕೊಳ್ಳಬೇಕೋ ಅವರನ್ನೇ ವ್ಯಾನು ತುಂಬಿಕೊಂಡು ಹೋಗುವವಳನ್ನು ಏನೆನ್ನಬೇಕು?

ಮರುವಾರ ಮಂಗಳವಾರ ಲಾಂಡ್ರಿಗೆ ರಜೆ ಹಾಕಿ, ಮನೆಯಲ್ಲಿ ಹೇಳದೆ, ಒಬ್ಬಳೇ ಬಸ್ಸು ಹತ್ತಿದಳು. ಅಂಬಾಲೆಮಾ ಎಂಬ ಹೊಳೆ ದಂಡೆಯ ಊರಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ರಜೆಯಿಲ್ಲದ ದಿನದ ಬಿಸಿ ನಾಡನ್ನು ಅವಳು ನೋಡಿಯೇ ಇರಲಿಲ್ಲ. ಬೀದಿಯಲ್ಲಿ ಒಂದು ನಾಯಿ, ಅದೂ ಮಲಗಿತ್ತು. ಮರದ ಕಂಬಗಳ ಜಗುಲಿಯಲ್ಲಿ ದೆಬೊರಾ ಎಂಬ ಮುದುಕಿ ಬಟಾಣಿ ಸುಲಿಯುತ್ತಿದ್ದಳು. ಬಾಡಿಗೆಗೆ ಒಂದು ಕೋಣೆ ಇದೆ ಎಂದು ಎದ್ದು ತೋರಿಸಿದಳು.

ಒಂದು ಮಂಚ, ಒಂದೇ ಪಾತ್ರೆ ಕೂರುವ ಒಲೆ, ಎರಡು ಕುರ್ಚಿ. ಹಿಂಬಾಗಿಲು ತೆಗೆದರೆ ನಾಲ್ಕು ಮೆಟ್ಟಿಲು, ಅದರ ಕೆಳಗೆ ಮಗ್ದಲೇನಾ ನದಿ.

"ಜೋಲಿಗೆ ಕೊಕ್ಕೆ ಇಲ್ವಾ?" ಇಸ್ಮೇನಿಯಾ ಕೇಳಿದಳು. ಕೇಳಿ ಅಭ್ಯಾಸವಾಗಿತ್ತು.

"ಇಲ್ಲಮ್ಮ. ಮಣ್ಣಿನ ಗೋಡೆ. ಜೋಲಿ ಕಟ್ಟಿದ್ರೆ ಗೋಡೇನೂ ಬರುತ್ತೆ, ಮಲಗಿದವನೂ ಬರ್ತಾನೆ," ಎಂದಳು ಮುದುಕಿ. "ಜನ ಜಾಸ್ತಿ ಇದ್ರೆ ಇದು ಬೇಡ ಬಿಡು."

ಇಸ್ಮೇನಿಯಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಮುದುಕಿ ಗಾಬರಿಯಾಗಿ ಅವಳಿಗೆ ನೀರು ತಂದುಕೊಟ್ಟಳು. ಆಮೇಲೆ ಇಸ್ಮೇನಿಯಾ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಟ್ಟಳು. ಕೆಂಚು ಬಣ್ಣದ ನೀರು ಕಣಕಾಲಿನವರೆಗೆ ಬಂತು, ಬೆಚ್ಚಗಿತ್ತು. ಒಂದು ತಾಸು ಕೂತಳು. ಯಾರೂ ಅವಳನ್ನು ಕರೆಯಲಿಲ್ಲ. ಹೊರಡುವ ಮೊದಲು ದೆಬೊರಾಳ ಕೈಹಿಡಿದು ಕೋಣೆಗೆ ಮಾತು ಕೊಟ್ಟಳು.

ಭಾನುವಾರ ಎಂದಿನಂತೆ ಸಂಜೆ ಐದು ಗಂಟೆಗೆ ಅವಳ ಮನೆಯಲ್ಲಿ ಎಲ್ಲರೂ ಚಾಕೊಲೇಟು ಕುಡಿಯಲು ಸೇರಿದರು. ಅಲ್ಲಿನ ರೂಢಿಯಂತೆ ಬಿಸಿ ಬಟ್ಟಲಿನಲ್ಲಿ ಚೀಸು ಮುಳುಗಿಸುತ್ತ ನೊಹೊರಾ ಐದು ಕೋಣೆಯ ಮನೆಗೆ ಪರದೆ ಯಾವ ಬಣ್ಣದ್ದು ಎಂದು ಶುರುಮಾಡಿದಳು.

"ನಾನು ಜಾಗ ನೋಡಿ ಬಂದೆ," ಎಂದಳು ಇಸ್ಮೇನಿಯಾ. "ಅಂಬಾಲೆಮಾದಲ್ಲಿ. ಒಂದು ಕೋಣೆ. ಮಾತು ಕೊಟ್ಟಾಯ್ತು."

ಕಾಂಪೊ ಎಲಿಯಾಸ್ ಬಟ್ಟಲು ಕೆಳಗಿಟ್ಟ. "ಒಂದು ಕೋಣೇನಾ? ಅತ್ತಿಗೆ, ಹಾಗಾದ್ರೆ ನಾವೆಲ್ಲ ಎಲ್ಲಿ ಮಲಗೋದು?"

"ಬೊಗೊಟಾದಲ್ಲಿ."

ಚಾಕೊಲೇಟು ಆರಿತು. ನೊಹೊರಾ ಕಣ್ಣೊರೆಸಿಕೊಂಡು, ಅಣ್ಣನ ಮನೆಯ ಬಾಗಿಲು ಇನ್ನು ತನಗಿಲ್ಲವೆಂದು ಎದ್ದಳು. ಹತ್ತು ನಿಮಿಷದಲ್ಲಿ ಮನೆ ಖಾಲಿಯಾಯಿತು. ಎಲಿಯೆಸೆರ್ ಗೋಡೆ ನೋಡುತ್ತ ಕೂತಿದ್ದ. ಇಸ್ಮೇನಿಯಾ ಕಾದಳು. ಹೊಳೆ ಹೇಗಿದೆ ಎಂದು ಈಗಲಾದರೂ ಕೇಳುತ್ತಾನೆ ಎಂದುಕೊಂಡಳು. ಕೋಣೆಗೆ ಗಾಳಿ ಬರುತ್ತದೆಯೇ ಎಂದು ಕೇಳಿದರೂ ಸಾಕಿತ್ತು.

"ನಾನು ಅವ್ರಿಗೆ ಏನಂತ ಹೇಳ್ಲಿ?" ಎಂದ ಅವನು.

ಮೂವತ್ತೊಂದು ವರ್ಷದ ಸಂಸಾರ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಹದಿನೆಂಟು ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿ ಅವನ ಮುಂದೆ ಇಟ್ಟಳು.

"ಏನು ಬೇಕಾದ್ರೂ ಹೇಳಿ. ಏಪ್ರಿಲ್‌ಗೆ ನಾನು ಹೋಗ್ತೀನಿ. ಅಲ್ಲಿರೋದು ಒಂದೇ ಮಂಚ. ನೀವು ಬಂದ್ರೆ ಗೋಡೆ ಕಡೆ ಜಾಗ ನಿಮ್ದು. ಬರದಿದ್ರೆ ಅಡ್ಡಡ್ಡ ಮಲಗ್ತೀನಿ."