ಮಹಾರಾಜರಿಗೆ ಮದ್ರಾಸ್ ಐ

ಅಟ್ಟದಿಂದ ಇಳಿಸಿದ ತಗಡಿನ ಟ್ರಂಕನ್ನು ಕೆಂಪು ಗಾರೆ ನೆಲದ ಮೇಲೆ ಕರಕರ ಎಳೆಯುವ ಸದ್ದು. ಬಸವನಗುಡಿಯ ನಮ್ಮ ಬೀದಿಯಲ್ಲಿ ನವರಾತ್ರಿ ಶುರುವಾಗುತ್ತಿದ್ದದ್ದೇ ಹಾಗೆ. ಪಕ್ಕದ ಮನೆಯ ಸರಸತ್ತೆ ಗೊಂಬೆ ಇಳಿಸಿದರು ಎಂದು ಉಳಿದ ಮಕ್ಕಳು ಕುಣಿಯುತ್ತಿದ್ದರು. ನಾನು ನಮ್ಮ ಮನೆಯೊಳಗೆ ಓಡುತ್ತಿದ್ದೆ.

ಟ್ರಂಕಿನಲ್ಲಿದ್ದದ್ದು ಪಟ್ಟದ ಗೊಂಬೆಗಳು. ಮರದ ರಾಜ, ಮರದ ರಾಣಿ; ಸರಸತ್ತೆಯ ಮದುವೆಯಲ್ಲಿ ತವರಿನವರು ಕೊಟ್ಟದ್ದು. ರಾಣಿಯ ಮೇಲೆ ನನ್ನದೇನೂ ಕಂಪ್ಲೇಂಟ್ ಇರಲಿಲ್ಲ. ರಾಜನಿಗೆ ಮಾತ್ರ ರೆಪ್ಪೆಯಿಲ್ಲದ ದೊಡ್ಡ ಬಿಳಿ ಕಣ್ಣುಗಳು. ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಿದ್ದವು. ಆರು ವರ್ಷದ ನಾನು ಗೊಂಬೆ ಆರತಿಗೆ ಹೋಗದೆ ಗೇಟಿನಲ್ಲೇ ನಿಂತು, ಕೊಬ್ಬರಿ ಮಿಠಾಯಿ, ಚಕ್ಕುಲಿ ಬೇರೆಯವರ ಬಾಯಿ ಸೇರುವುದನ್ನು ನೋಡುತ್ತಿದ್ದೆ. "ಮರದ ತುಂಡಿಗೆ ಹೆದರ್ತಾಳೆ" ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಕಾನ್ವೆಂಟಿನ ಸಿಸ್ಟರ್ "ಡೋಂಟ್ ಬಿ ಸಿಲ್ಲಿ, ಚೈಲ್ಡ್" ಎಂದರು. ಪ್ರಯತ್ನಪಟ್ಟೆ. ಆಗಲಿಲ್ಲ.

ಸರಸತ್ತೆ ನಗಲಿಲ್ಲ. ಆಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಬೀದಿಯ ಯಾವ ಮಗುವಿಗೆ ಯಾವುದರ ಭಯ ಎಂಬುದು ಅವರಿಗೆ ಬಾಯಿಪಾಠ. ಎದುರುಮನೆ ಸೀನನಿಗೆ ಬಾವಿ, ಮೂಲೆಮನೆ ಗೌರಿಗೆ ಬಲೂನು. ಯಾರಿಗೆ ತೊಂಡೆಕಾಯಿ ಸೇರುವುದಿಲ್ಲ ಎಂದು ನೆನಪಿಟ್ಟುಕೊಳ್ಳುವ ಹಾಗೆ ಇದನ್ನೂ ನೆನಪಿಟ್ಟುಕೊಂಡಿದ್ದರು. ಗೌರಿ ಬಂದರೆ ಬಲೂನು ಕೋಣೆ ಸೇರುತ್ತಿತ್ತು, ಅಷ್ಟೆ. ಲೆಕ್ಚರ್ ಇರಲಿಲ್ಲ.

ಆ ವರ್ಷ ಗೇಟಿನ ತನಕ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತರು.

"ರಾಜನ್ನ ಕಂಡ್ರೆ ಭಯಾನಾ, ರಾಣೀನಾ?"

"ರಾಜ."

"ಮೀಸೇನಾ, ಕಣ್ಣಾ?"

"ಕಣ್ಣು."

"ಹಗಲು ಹೊತ್ತೂ ಹೆದರಿಕೆ ಆಗತ್ತಾ?"

"ಹೂಂ."

"ಸರಿ" ಎಂದು ಎದ್ದು ಹೋದರು, ನಲ್ಲಿ ರಿಪೇರಿಯವನು ಒಮ್ಮೆ ತಿರುಗಿಸಿ ನೋಡಿ ಹೋದ ಹಾಗೆ.

ಸಂಜೆ ಕರೆದರು. ಬಾಗಿಲಲ್ಲೇ ನಿಂತು ಇಣುಕಿದೆ. ರಾಜನ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿತ್ತು.

"ಏನೇ ಇದು ಸರಸೂ?" ಎಂದರು ಅವರ ಅತ್ತೆ ನಾಗಮ್ಮನವರು, ಕುಂಕುಮಕ್ಕೆ ಬಂದಿದ್ದ ಹೆಂಗಸರೆಲ್ಲರ ಎದುರು.

"ಮಹಾರಾಜರಿಗೆ ಮದ್ರಾಸ್ ಐ ಆಗಿದೆ ಅಮ್ಮ."

"ಪಟ್ಟದ ಗೊಂಬೆ ಕಣ್ಣು ಕಟ್ತಾರೇನೇ? ಮನೆಗೆ ಆಗಿಬರತ್ತಾ? ಬಿಚ್ಚು."

ಆ ಮನೆಯಲ್ಲಿ ನಾಗಮ್ಮನವರಿಗೆ ಎದುರು ಹೇಳಿದವರಿಲ್ಲ, ಅವರ ಯಜಮಾನರೂ ಸೇರಿದಂತೆ. ಸರಸತ್ತೆ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟರು.

"ಗೊಂಬೆ ನನ್ನ ತವರಿಂದು ಅಮ್ಮ. ವಾಸಿ ಆದ್ಮೇಲೆ ಬಿಚ್ತೀನಿ."

ನಾಗಮ್ಮನವರು ದೀಪಾವಳಿಯವರೆಗೆ ಸೊಸೆಯ ಜೊತೆ ಮಾತಾಡಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕೂತು ಚಕ್ಕುಲಿ ತಿಂದೆ.

ಮರುದಿನದಿಂದ ಸರಸತ್ತೆ ನನ್ನನ್ನು "ಡಾಕ್ಟ್ರೇ" ಎನ್ನತೊಡಗಿದರು. "ಪೇಷಂಟ್ ಹೇಗಿದಾರೆ ಸ್ವಲ್ಪ ನೋಡ್ರೀ ಡಾಕ್ಟ್ರೇ." ದಿನಕ್ಕೆ ಒಂದೊಂದು ಸಾಲು ಮುಂದೆ ಹೋದೆ. ಐದನೆಯ ದಿನ ಬಟ್ಟೆಯ ಮೇಲೆ ಎರಡು ತೊಟ್ಟು ಪನ್ನೀರು ಹಾಕಿದೆ. ದುರ್ಗಾಷ್ಟಮಿಯ ದಿನ ನಾನೇ ಹೇಳಿದೆ, "ಪಾಪ, ಅವನಿಗೆ ಏನೂ ಕಾಣಲ್ಲ."

"ಬಿಚ್ಚೋಣ್ವಾ?"

"ಒಂದು ಕಣ್ಣು."

ಬಟ್ಟೆಯನ್ನು ಓರೆ ಮಾಡಿ ಒಂದೇ ಕಣ್ಣು ಬಿಚ್ಚಿದರು. ಇನ್ನೊಂದನ್ನು ಮಹಾನವಮಿಗೆ ನಾನೇ ಬಿಚ್ಚಿದೆ. ರಾಜ ನನ್ನನ್ನೇ ನೋಡಿದ. ನೋಡಿಕೊಳ್ಳಲಿ ಅನ್ನಿಸಿತು.

ಈಗ ನನ್ನ ಮೊಮ್ಮಗಳಿಗೆ ಮೆಟ್ರೋದ ಎಸ್ಕಲೇಟರ್ ಎಂದರೆ ಭಯ. ಕೌನ್ಸೆಲರ್ ನಾಲ್ಕು ಪುಟದ ಫಾರಂ ಕೊಟ್ಟರು. ಯಾವುದರ ಭಯ, ಅದರಲ್ಲಿ ಯಾವ ಭಾಗದ್ದು, ಯಾವ ಹೊತ್ತಿನಲ್ಲಿ. ವೆರಿ ಸೈಂಟಿಫಿಕ್. ಸರಸತ್ತೆ ಇಷ್ಟನ್ನೂ ಗೇಟಿನ ಬಳಿ ಮುಗಿಸಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಹನುಮಂತನಗರದಲ್ಲಿ, ಅವರ ತಂಗಿಯ ಮಗಳ ಮನೆಯಲ್ಲಿ. ತೊಂಬತ್ತರ ಹತ್ತಿರವಾಗಿತ್ತು. ಹೊರಡುವಾಗ ಗೋಡೆ ಹಿಡಿದು ಎದ್ದು ಕುಂಕುಮದ ಬಟ್ಟಲು ತಂದರು. ನಾನು ಹಿಂದೆ ಸರಿದೆ.

"ನಮ್ಮನೆಯವರು ಹೋಗಿ ಆರು ತಿಂಗಳಾಯ್ತು ಸರಸತ್ತೆ."

"ಗೊತ್ತು. ಯಾರಿಗೆ ಹೆದರ್ತಿದೀಯ?"

ಗದರಿಕೆಯಲ್ಲ, ತಿಳಿದುಕೊಳ್ಳಲು ಕೇಳಿದ್ದು. ಉತ್ತರಕ್ಕೆ ಕಾಯುತ್ತಾ ನಿಂತರು. ನಾನೂ ಪ್ರಾಮಾಣಿಕವಾಗಿ ಯೋಚಿಸಿದೆ. ಮನಸ್ಸಿಗೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದೆ. ಎಲ್ಲರೂ ತೀರಿಕೊಂಡಿದ್ದರು.

ಬಗ್ಗಿ ಹಣೆ ಕೊಟ್ಟೆ. ಅವರು ಇಡುವಾಗ ಸ್ವಲ್ಪ ಕುಂಕುಮ ಮೂಗಿನ ಮೇಲೂ ಉದುರಿತು. ಒರೆಸಿಕೊಳ್ಳದೆ ಆಟೋ ಹತ್ತಿದೆ.