ಓದದೆ ಬರೆದ ಷರಾ

ನಾನು ಕನ್ನಡ ಮೇಡಂ. ಅಜ್ಜಂಪುರ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಎಂಟು, ಒಂಬತ್ತು, ಹತ್ತು ಮೂರೂ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಮನೆ ಕಡೂರಿನಲ್ಲಿ. ಬೆಳಿಗ್ಗೆ ರೈಲು ಹತ್ತಿ ಶಿವನಿಯಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಹೋಗಬೇಕು. ಸಂಜೆ ಅದೇ ದಾರಿಯಲ್ಲಿ ವಾಪಸು. ಮಕ್ಕಳ ಪ್ರಬಂಧದ ಪುಸ್ತಕಗಳನ್ನು ಚೀಲಕ್ಕೆ ತುಂಬಿ ತಂದು ರೈಲಿನಲ್ಲೇ ತಿದ್ದುವುದು ನನ್ನ ಹಳೆಯ ರೂಢಿ.

ಹೋದ ವರ್ಷ ನಮ್ಮ ಗಣಿತದ ಮೇಷ್ಟ್ರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಪುಸ್ತಕದ ಹಾಳೆಯ ಫೋಟೋ ತೆಗೆದರೆ ಸಾಕು, ಮಕ್ಕಳ ಕೈಬರಹವನ್ನೂ ಅದು ಓದುತ್ತಿತ್ತು. ತಪ್ಪುಗಳ ಪಟ್ಟಿ, ಅಂಕ, ಮೇಲೆ ಎರಡು ಸಾಲಿನ ಷರಾ, ಎಲ್ಲ ಒಂದು ಗಳಿಗೆಯಲ್ಲಿ. 'ನೀವ್ಯಾಕೆ ಮೇಡಂ ಕಣ್ಣು ಹಾಳು ಮಾಡ್ಕೊತೀರಿ? ಇರೋ ಬರೋ ರಿಜಿಸ್ಟರೆಲ್ಲ ನಿಮ್ಮ ತಲೆ ಮೇಲೇ ಐತೆ' ಎಂದರು. ಮಾತು ನಿಜವಿತ್ತು. ಬಿಸಿಯೂಟದ ಲೆಕ್ಕ, ಹಾಜರಾತಿ, ಆನ್‌ಲೈನ್ ಮಾಹಿತಿ ಮುಗಿಸುವಷ್ಟರಲ್ಲಿ ಪಾಠ ಮಾಡುವ ಶಕ್ತಿಯೇ ಉಳಿಯುತ್ತಿರಲಿಲ್ಲ.

ಮೊದಮೊದಲು ನಾನೂ ಒಮ್ಮೆ ಓದಿ, ಅದು ಹೇಳಿದ್ದು ಸರಿಯೇ ಎಂದು ನೋಡುತ್ತಿದ್ದೆ. ಸರಿಯಾಗಿಯೇ ಇರುತ್ತಿತ್ತು. ಎರಡು ತಿಂಗಳಲ್ಲಿ ಓದುವುದನ್ನು ಬಿಟ್ಟೆ. ಫೋಟೋ ತೆಗೆಯುವುದು, ಷರಾ ನೋಡಿಕೊಂಡು ಕೆಂಪು ಪೆನ್ನಿನಲ್ಲಿ ನನ್ನ ಕೈಯಾರೆ ಬರೆಯುವುದು, ಸಹಿ ಹಾಕುವುದು. ಬೀರೂರು ಬರುವಷ್ಟರಲ್ಲಿ ಒಂದು ತರಗತಿಯ ಪುಸ್ತಕಗಳು ಮುಗಿದಿರುತ್ತಿದ್ದವು. ತಪಾಸಣೆಗೆ ಬಂದವರು ನನ್ನ ಷರಾಗಳನ್ನು ಓದಿ, ಉಳಿದ ಶಿಕ್ಷಕರಿಗೆ ತೋರಿಸಿದರು. ನನಗೆ ನಾಚಿಕೆಯೇನೂ ಆಗಲಿಲ್ಲ.

ಒಂಬತ್ತನೇ ತರಗತಿಯ ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಕುರಿ ಸಾಕುವವರ ಮಗಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು, ಅದೂ ತಲೆ ತಗ್ಗಿಸಿಕೊಂಡು. ಮಾರ್ಚ್‌ನಲ್ಲಿ 'ಬೇಸಿಗೆ ರಜೆಯಲ್ಲಿ ನಾನು ಏನು ಮಾಡುವೆ' ಎಂದು ಪ್ರಬಂಧ ಬರೆಸಿದೆ. ಪುಸ್ತಕಗಳನ್ನು ಹಿಂದಿರುಗಿಸಿದ ದಿನ ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೂ ಅವಳು ನನ್ನ ಮೇಜಿನ ಹತ್ತಿರ ನಿಂತೇ ಇದ್ದಳು.

'ಏನಮ್ಮ?' ಎಂದೆ.

'ಏನಿಲ್ಲ ಮೇಡಂ' ಎಂದು ಹೊರಟುಹೋದಳು.

ಜೂನ್‌ನಲ್ಲಿ ಶಾಲೆ ತೆರೆದಾಗ ಅವಳು ಬರಲಿಲ್ಲ. ವಾರ ನೋಡಿ, ಅವಳ ಪಕ್ಕ ಕೂರುತ್ತಿದ್ದ ಗೆಳತಿಯನ್ನು ಕೇಳಿದೆ.

'ಅವ್ಳಿಗೆ ಮದ್ವೆ ಆಯ್ತು ಮೇಡಂ. ಅವರ ಸೋದರಮಾವನ ಜೊತೆ. ತರೀಕೆರೆ ಕಡೆ ಊರು.'

ನನಗೆ ಸಿಟ್ಟು ಬಂತು. 'ಇಂಥ ವಿಷಯ ಒಬ್ಬರಾದ್ರೂ ನನಗೆ ಹೇಳ್ಬಾರ್ದೇನೇ?'

ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. 'ಅವ್ಳು ಪ್ರಬಂಧದಲ್ಲಿ ಬರ್ದಿದ್ಲಲ್ಲ ಮೇಡಂ. ನೀವು ಓದಿ ಸೈನ್ ಹಾಕಿದ್ರಿ.'

ಸ್ಟಾಫ್ ರೂಮಿಗೆ ಹೋಗಿ ಫೋನ್ ತೆಗೆದೆ. ಮಾರ್ಚ್‌ನ ಫೋಟೋಗಳೆಲ್ಲ ಹಾಗೇ ಇದ್ದವು. ಅವಳ ಹಾಳೆಯನ್ನು ಹುಡುಕಿ ಮೊದಲ ಸಲ ಓದಿದೆ. ರಜೆಯಲ್ಲಿ ನನ್ನ ಮದುವೆ ಮಾಡುತ್ತಾರೆ, ನನಗೆ ಇಷ್ಟವಿಲ್ಲ, ನಾನು ನರ್ಸ್ ಓದಬೇಕು, ಮೇಷ್ಟ್ರು, ಮೇಡಂ ಹೇಳಿದರೆ ನಮ್ಮಪ್ಪ ಮಾತು ಕೇಳುತ್ತಾರೆ, ಮೇಡಂ ನೀವು ಒಂದು ಸಲ ನಮ್ಮನೆಗೆ ಬನ್ನಿ ಎಂದು ಬರೆದಿದ್ದಳು. ಫೋಟೋದ ಕೆಳಗೆ ಆ್ಯಪ್ ಕೊಟ್ಟಿದ್ದ, ನಾನು ಅವಳ ಪುಸ್ತಕಕ್ಕೆ ನಕಲು ಮಾಡಿದ್ದ ಷರಾ: 'ಮನಸ್ಸಿನ ಭಾವನೆಗಳನ್ನು ಸೊಗಸಾಗಿ ವ್ಯಕ್ತಪಡಿಸಿದ್ದೀಯೆ. ಒತ್ತಕ್ಷರಗಳ ಕಡೆ ಗಮನ ಕೊಡು.'

ಯಂತ್ರವನ್ನು ಬೈಯೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಷರಾ, ಅಂಕ, ತಪ್ಪುಗಳ ಪಟ್ಟಿ, ಎಲ್ಲದರ ಕೆಳಗೆ ಇನ್ನೊಂದು ಸಾಲಿತ್ತು. ಈ ವಿದ್ಯಾರ್ಥಿನಿ ಸಹಾಯ ಕೇಳುತ್ತಿರುವಂತಿದೆ, ಶಿಕ್ಷಕರು ಕೂಡಲೇ ಇವಳೊಂದಿಗೆ ಮಾತನಾಡಬೇಕು ಎಂದು. ನಾನು ಪರದೆಯನ್ನು ಅಷ್ಟು ಕೆಳಗೆ ಸರಿಸಿಯೇ ಇರಲಿಲ್ಲ. ನನಗೆ ಬೇಕಾದ ಎರಡು ಸಾಲು ಮೇಲೆಯೇ ಸಿಗುತ್ತಿತ್ತಲ್ಲ.

ಅಂದೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅಧಿಕಾರಿಗಳು ಆ ಊರಿಗೆ ಹೋಗಿ ಹುಡುಗಿಯನ್ನು ಕರೆತಂದರು. ಅಪ್ಪನ ಮೇಲೂ ಸೋದರಮಾವನ ಮೇಲೂ ಕೇಸಾಯಿತು, ಇಬ್ಬರೂ ಜೈಲಿಗೆ ಹೋದರು. ಹುಡುಗಿಯ ಹೇಳಿಕೆ ಪಡೆಯುವಾಗ ನನ್ನನ್ನೂ ತರೀಕೆರೆಗೆ ಕರೆದಿದ್ದರು. ಕಚೇರಿಯ ಜಗಲಿಯ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ಕೊರಳಲ್ಲಿ ಅರಿಸಿನ ದಾರವಿತ್ತು. ಮೂರು ತಿಂಗಳಲ್ಲಿ ಮುಖ ಸೊರಗಿಹೋಗಿತ್ತು.

ಅವಳೇ ಮೊದಲು ಮಾತಾಡಿದಳು. 'ನೀವು ಓದಿ ಸುಮ್ನಾದ್ರಲ್ಲ ಮೇಡಂ, ನಿಮಗೂ ಇದೇ ಸರಿ ಅನ್ಸಿರ್ಬೇಕು ಅಂದ್ಕೊಂಡೆ. ಅದಕ್ಕೇ ಬೇರೆ ಯಾರ್ಗೂ ಹೇಳ್ಲಿಲ್ಲ.'

'ನಾನು ಓದೇ ಇರ್ಲಿಲ್ಲ ಕಣಮ್ಮ' ಎಂದೆ.

'ಮತ್ತೆ ಕೆಂಪು ಇಂಕಲ್ಲಿ ಬರ್ದಿದ್ದು ಯಾರು?'

ಫೋನಿನ ಕತೆಯನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಕೇಳಿಸಿಕೊಂಡು ಸ್ವಲ್ಪ ಆಚೆ ಸರಿದು ಕೂತಳು. ಒಳಗಿನಿಂದ ಕರೆ ಬಂದಾಗ ಎದ್ದುಹೋದಳು. ಹೇಳಿಕೆ ಕೊಟ್ಟು ಹೊರಬಂದಾಗ ನನ್ನ ಕಡೆ ನೋಡಲಿಲ್ಲ. ಅಲ್ಲಿಂದ ಅವಳನ್ನು ಸರ್ಕಾರಿ ಬಾಲಮಂದಿರಕ್ಕೆ ಕಳಿಸಿದರು.

ಆಷಾಢದಲ್ಲಿ ಅವಳ ತಾಯಿ ಶಾಲೆಗೆ ಬಂದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಎಲ್ಲರೆದುರು ಕೇಳಿದಳು:

'ನೀವೇ ತಾನೆ ಕಂಪ್ಲೇಂಟ್ ಕೊಟ್ಟಿದ್ದು? ಮದ್ವೆಗೆ ಮುಂಚೆ ಬಂದು ಒಂದ್ ಮಾತು ಹೇಳಿದ್ರೆ ನಮ್ಮೆಜಮಾನ್ರು ನಿಲ್ಸೋರು ಕಣ್ರೀ. ಓದಿದೋರ ಮಾತು ಅಂದ್ರೆ ಅವ್ರು ತೆಗ್ದು ಹಾಕ್ತಿರ್ಲಿಲ್ಲ. ಈಗ ಗಂಡನೂ ಜೈಲಲ್ಲಿ, ತಮ್ಮನೂ ಜೈಲಲ್ಲಿ, ಮಗ್ಳು ಅಲ್ಲೆಲ್ಲೋ. ಕುರಿ ಮಾರ್ದೆ. ಎಲ್ಲ ಆದ್ಮೇಲೆ ಯಾಕ್ರೀ ಎದ್ರಿ ನೀವು?'

ಗಣಿತದ ಮೇಷ್ಟ್ರು ಎದ್ದು, 'ಹೋಗಮ್ಮ, ಕಾನೂನು ಪ್ರಕಾರ ಏನ್ಮಾಡ್ಬೇಕೋ ಅದನ್ನ ಮಾಡವ್ರೆ' ಎಂದರು. ನಾನು ಅವರನ್ನು ಸುಮ್ಮನಿರಿಸಿದೆ. ಆಕೆಗೆ ಕುರ್ಚಿ ಕೊಟ್ಟೆ, ಆಕೆ ಕೂರಲಿಲ್ಲ. ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದಳು. ನಾನೂ ನಿಂತಿದ್ದೆ.

ಹುಡುಗಿಗೆ ಎರಡು ಪತ್ರ ಬರೆದೆ. ಬಾಲಮಂದಿರದವರು ತಲುಪಿಸಿದ್ದೇವೆ ಎಂದರು. ಉತ್ತರ ಬಂದಿಲ್ಲ.